ಆ ಆಮೆನ್‌ಗೆ ನನ್ನ ಒಪ್ಪಿಗೆ ಇಲ್ಲ

ಚೆಂಬೂರು,
16 ಫೆಬ್ರವರಿ 2025, ಭಾನುವಾರ

ಮಗಳು ವಿಜೇತಾಳಿಗೆ ಅಮ್ಮನ ಪ್ರೀತಿಯ ವಂದನೆಗಳು.

ವಿಜ್ಜು, ನೀನು ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದ್ದೀ. ಎತ್ತಿದ್ದರೂ ನನಗೆ ಹೇಳಬೇಕಾದ್ದನ್ನು ಹೇಳಲು ಆಗುತ್ತಿರಲಿಲ್ಲ. ನೀನು ಅಳಲು ಶುರುಮಾಡುತ್ತಿದ್ದೆ, ಬಸುರಿ ಹುಡುಗಿ ಅಳುತ್ತಿದ್ದಾಳಲ್ಲ ಎಂದು ನಾನು ಬಾಯಿ ಮುಚ್ಚುತ್ತಿದ್ದೆ. ಅದಕ್ಕೇ ಈ ಕಾಗದ. ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ ಎಂದು ಗೊತ್ತು. ಹಿಡಿಯಲಿ. ನಿನ್ನನ್ನು ಊಟದ ಮೇಜಿನ ಮುಂದೆ ಕೂರಿಸಿಕೊಂಡು ಒಂದೊಂದೇ ಅಕ್ಷರ ತಿದ್ದಿಸಿದವಳು ನಾನು. ಒಂದು ಸಾಲನ್ನೂ ಹಾರಿಸದೆ ಓದು. ಸಂದೀಪನಿಗೆ ಓದಿ ಹೇಳಬೇಕೆನಿಸಿದರೆ ಹೇಳು. ನಿಮ್ಮ ಪಾಸ್ಟರ್‌ಗೆ ತೋರಿಸಬೇಕೆನಿಸಿದರೆ ತೋರಿಸು.

ಸಂದೀಪ ಕಳಿಸಿದ ಮೆಸೇಜು ಓದಿದೆ. ನಾನು ನಿಮ್ಮ ಸಭೆಯ ಮುಂದೆ ನಿಂತು ಕ್ಷಮೆ ಕೇಳಬೇಕು, ಅರ್ಧಕ್ಕೆ ಬಿಟ್ಟ ದೀಕ್ಷಾಸ್ನಾನವನ್ನು ಪೂರ್ತಿ ಮಾಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಬಾಣಂತನಕ್ಕೆ ಬರುವುದು ಬೇಡ ಎಂದು ಬರೆದಿದ್ದಾನೆ. ನನ್ನ ಅಳಿಯ ಒಳ್ಳೆಯ ಹುಡುಗ, ಒರಟು ಮಾತು ಆಡುವವನಲ್ಲ. 'ದಯವಿಟ್ಟು' ಎಂಬ ಶಬ್ದವೂ ಅದರಲ್ಲಿತ್ತು. ಆದರೆ ಉತ್ತರ ಇಷ್ಟೇ: ನಾನು ಕ್ಷಮೆ ಕೇಳುವುದಿಲ್ಲ. ಆ ನೀರಿಗೂ ಮತ್ತೆ ಇಳಿಯುವುದಿಲ್ಲ.

ಯಾಕೆ ಎಂದು ಮೊದಲಿನಿಂದ ಹೇಳುತ್ತೇನೆ. ನಿನಗೆ ಇದರಲ್ಲಿ ಕೆಲವು ಗೊತ್ತು, ಕೆಲವು ಗೊತ್ತಿಲ್ಲ.

ನಾನು ಉಡುಪಿಯ ಮಿಶನ್ ಕಾಂಪೌಂಡಿನಲ್ಲಿ ಹುಟ್ಟಿದವಳು. ಕೂಸಾಗಿದ್ದಾಗಲೇ ನನ್ನ ತಲೆಗೆ ನೀರು ಬಿದ್ದಿದೆ. ಮುಂಬೈಗೆ ಬಂದು ಗ್ರಾಂಟ್ ರೋಡಿನ ಹತ್ತಿರ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರಾದೆ. ಸಂಜೆ ಹೋಟೆಲ್ ಕೆಲಸಗಾರರ ಶಾಲೆಯಲ್ಲೂ ಪಾಠ ಮಾಡುತ್ತಿದ್ದೆ. ನಿನ್ನ ಪಪ್ಪ ಅಲ್ಲಿಗೆ ಹತ್ತನೆಯದು ಕಟ್ಟಲು ಬಂದವರು. ಮಲ್ಪೆಯವರು, ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಸಪ್ಲೈ ಮಾಡುತ್ತಿದ್ದರು, ಕ್ಯಾಪ್ಟನ್ ಆದದ್ದು ಆಮೇಲೆ. ಒಂದು ದಿನ ಪಾಠ ಮುಗಿದ ಮೇಲೆ ಬಂದು, "ಟೀಚರ್, ನೀವು ಭಾನುವಾರ ಹೋಗುವ ಕಡೆ ನಾನೂ ಬರಬಹುದಾ?" ಎಂದು ಕೇಳಿದರು. ನನ್ನ ಹಿಂದೆ ಬರಲಿಕ್ಕೆ ಅದೊಂದು ನೆಪ ಎಂದುಕೊಂಡೆ. ನೆಪವೇ ಆಗಿತ್ತು. ಆದರೆ ನೆಪ ಮುಗಿದ ಮೇಲೂ ಅವರು ಬರುವುದನ್ನು ಬಿಡಲಿಲ್ಲ. ಮಧ್ಯಾಹ್ನ ಬೇರೆಯವರ ಚರ್ಚಿನಲ್ಲಿ ಸೇರುವ ನಮ್ಮ ಆ ಪುಟ್ಟ ಕನ್ನಡ ಸಭೆಯ ಕೊನೆಯ ಬೆಂಚಿನಲ್ಲಿ ಕೂತು ಹಾಡುಗಳನ್ನೆಲ್ಲ ಕಲಿತರು.

ಮದುವೆಯ ಮಾತು ಬಂದಾಗ ನಮ್ಮ ಸಭೆಯ ಅಯ್ಯನವರು ಮೊದಲು ದೀಕ್ಷಾಸ್ನಾನ, ಆಮೇಲೆ ಮದುವೆ ಎಂದರು. ಪಪ್ಪ ಎರಡು ಭಾನುವಾರ ಯೋಚನೆ ಮಾಡಿದರು. ಮೂರನೆಯ ಭಾನುವಾರ ಅಯ್ಯನವರ ಎದುರು ಕೈಕಟ್ಟಿ ನಿಂತು, "ನೀವು ಕೇಳುವ ಪ್ರಶ್ನೆಗೆಲ್ಲ ನಂಬುತ್ತೇನೆ ಅಂತ ಹೇಳಬೇಕಲ್ಲ. ನನಗೆ ಇನ್ನೂ ಸರಿ ಗೊತ್ತಾಗಿಲ್ಲ. ಸುಳ್ಳು ಹೇಳಿ ಹುಡುಗಿಯನ್ನು ಕರಕೊಂಡು ಹೋಗುವುದು ಹೇಗೆ?" ಎಂದರು. ಅಯ್ಯನವರು ಹಾಗಾದರೆ ಚರ್ಚಿನಲ್ಲಿ ಮದುವೆ ಇಲ್ಲ ಎಂದರು. ನಾವು ಬಾಂದ್ರಾದ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದೆವು. ಉಡುಪಿಯಿಂದ ನನ್ನ ಅಪ್ಪ ಬರಲಿಲ್ಲ. ಸಭೆಯಲ್ಲಿ ನನಗೆ ಕರ್ತನ ಭೋಜನ ನಿಲ್ಲಿಸಿದರು. ರೊಟ್ಟಿ, ದ್ರಾಕ್ಷಾರಸ ಸಾಲಿನಲ್ಲಿ ಬಂದಾಗ ನನ್ನನ್ನು ದಾಟಿ ಪಕ್ಕದವರ ಕೈಗೆ ಹೋಗುತ್ತಿತ್ತು. ನಾನು ಒಂದು ಭಾನುವಾರವೂ ತಪ್ಪಿಸಲಿಲ್ಲ. ದಾಟಿಸುವವರಿಗೆ ನಾಚಿಕೆ ಬರುವವರೆಗೆ ಅಲ್ಲೇ ಕೂರುತ್ತೇನೆ ಎಂದು ಪಪ್ಪನಿಗೆ ಹೇಳಿದ್ದೆ. ಹಾಗೇ ಆಯಿತು.

ನೀನು ಹುಟ್ಟಿದೆ. ನಿನಗೆ ದೀಕ್ಷಾಸ್ನಾನ ಮಾಡಿಸೋಣವೇ ಎಂದು ಕೇಳಿದಾಗ ಪಪ್ಪ ಒಂದು ಮಾತೂ ಎದುರಾಡಲಿಲ್ಲ. ಆದರೆ ಅಯ್ಯನವರು ತಂದೆ ಅವಿಶ್ವಾಸಿ, ನೀರಿನ ಹತ್ತಿರ ನಿಲ್ಲುವ ಹಾಗಿಲ್ಲ ಎಂದರು. ನಾನು ನಿನ್ನನ್ನು ಎತ್ತಿಕೊಂಡು ಬಾಗಿಲಿನ ಕಡೆ ನಡೆದೆ. ಮಗುವಿನ ಅಪ್ಪ ನಿಲ್ಲದ ಜಾಗದಲ್ಲಿ ಮಗುವೂ ನಿಲ್ಲುವುದಿಲ್ಲ ಎಂದು ಹೇಳಿ ಹೊರಟವಳನ್ನು ಅಯ್ಯನವರೇ ಕರೆದು ನಿಲ್ಲಿಸಿದರು. ನಿನ್ನನ್ನು ಹಿಡಿದುಕೊಂಡದ್ದು ನಿನ್ನ ಪಪ್ಪ. ತಣ್ಣೀರು ಬಿದ್ದದ್ದೇ ನೀನು ಚರ್ಚು ಹಾರಿಹೋಗುವ ಹಾಗೆ ಕಿರುಚಿದೆ. ಆ ದಿನಕ್ಕೆಂದೇ ಇಸ್ತ್ರಿ ಮಾಡಿಸಿದ್ದ ಹೊಸ ಅಂಗಿಯ ತೋಳಿನಿಂದ ಅವರು ನಿನ್ನ ತಲೆ ಒರೆಸಿದರು. ನೀನು ಈಗ ಅದನ್ನು 'ತಲೆ ಒದ್ದೆ ಮಾಡಿದ್ದು, ಅಷ್ಟೇ' ಎನ್ನುತ್ತೀ. ಮೈಯೆಲ್ಲ ನೀರಿನಲ್ಲಿ ಮುಳುಗಿಸುವ ದೀಕ್ಷಾಸ್ನಾನವನ್ನು ನೀನು ನಿಮ್ಮ ಸಭೆಯಲ್ಲಿ ಮತ್ತೊಮ್ಮೆ ತೆಗೆದುಕೊಂಡದ್ದು ನನಗೆ ಗೊತ್ತಾದದ್ದು ವಾಟ್ಸಾಪ್ ಸ್ಟೇಟಸ್ ನೋಡಿ. ಆಗ ನಾನು ಜಗಳ ಮಾಡಲಿಲ್ಲ. ನಿನ್ನ ನಂಬಿಕೆ ನಿನ್ನದು ಎಂದು ಸುಮ್ಮನಿದ್ದೆ.

ಕಾಶಪ್ಪನವರ ನೆನಪು ನಿನಗಿದೆಯೇ? ಬೀದರಿನ ಕಡೆಯವರು, ನಮ್ಮ ಸಭೆಯವರೇ, ಮಾಟುಂಗದಲ್ಲಿ ವಾಚ್‌ಮನ್ ಆಗಿದ್ದವರು. ಪಾರ್ಶ್ವವಾಯು ಹೊಡೆದು ಧಾರಾವಿಯ ಒಂದು ಕೋಣೆಯಲ್ಲಿ ಮಲಗಿಬಿಟ್ಟರು, ಹಿಂದೆ ಮುಂದೆ ಯಾರೂ ಇಲ್ಲ. ಸಭೆ ಅವರಿಗಾಗಿ ಪ್ರತಿ ವಾರ ಪ್ರಾರ್ಥನೆ ಮಾಡಿತು. ಪಪ್ಪನ ವಾರದ ರಜೆ ಸೋಮವಾರ. ಆ ರಜೆ ಕಾಶಪ್ಪನವರದಾಯಿತು. ಪಪ್ಪ ಹೋಗಿ ಅವರಿಗೆ ಗಡ್ಡ ಬೋಳಿಸಿ, ಮೈ ಒರೆಸಿ, ಗಂಜಿ ಕುಡಿಸಿ, ಹೊಲಸಾದ ಚಾದರ ಒಗೆದು ಹಾಕಿ ಬರುತ್ತಿದ್ದರು. ಅವರು ತೀರಿಕೊಳ್ಳುವವರೆಗೆ ಇದು ನಡೆಯಿತು. ಒಂದು ಸಲ ನಾನೂ ಹೋಗಿದ್ದೆ. ಕಾಶಪ್ಪನವರು ಸೊಟ್ಟ ಬಾಯಿಯಲ್ಲೇ, "ಈ ಮನಷಾ ನಮ್ ಸಭಾದಾಂವ ಅಲ್ಲಂತ್ರಿ, ಹೌದೇನ್ರಿ?" ಎಂದು ಕೇಳಿದರು. ಪಪ್ಪ ಚಾದರ ಹಿಂಡುತ್ತಾ, "ಇವರ ಸಭೆಯಲ್ಲಿ ಪಾಯಸ ಒಳ್ಳೆಯದಿರುತ್ತದೆ, ಅದಕ್ಕೆ ಹೋಗುವುದು" ಎಂದು ನಗಿಸಿದರು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ಕಳೆದ ನವೆಂಬರಿನಲ್ಲಿ ದೀಕ್ಷಾಸ್ನಾನವಿಲ್ಲದೆಯೇ ತೀರಿಕೊಂಡ ಪಪ್ಪನ ನೆನಪಿನ ದಿನ ನೀನು ನನ್ನ ಮನೆಯಲ್ಲೇ ಊಟಕ್ಕೆ ಕೂತು, "ಅಮ್ಮ, ಪಪ್ಪ ಎಲ್ಲಿ ಇದ್ದಾರೆ ಅಂತ ನಿನಗೆ ಗೊತ್ತಲ್ಲ? ಬೈಬಲ್‌ನಲ್ಲಿ ವಚನ ಕ್ಲಿಯರ್ ಇದೆ" ಎಂದೆ. ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. ನಾನು ಬಡಿಸಿದೆ. ನೀನು ಅಳುತ್ತಾ, "ಕೂಸಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ, ನೀನಾದರೂ ನಿಜವಾದ ದೀಕ್ಷಾಸ್ನಾನ ತೆಗೆದುಕೋ, ನಿನ್ನನ್ನೂ ಕಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ" ಎಂದೆ. ನಿನ್ನ ಅಳು ಸುಳ್ಳಲ್ಲ. ನನ್ನ ಮಗಳು ನನ್ನನ್ನು ಸ್ವರ್ಗದಲ್ಲಿ ನೋಡಬೇಕೆಂದು ಅಳುತ್ತಿದ್ದಾಳೆ, ಅದಕ್ಕಿಂತ ದೊಡ್ಡ ಪ್ರೀತಿ ಯಾವುದು ಎಂದು ನನಗೂ ಅನಿಸಿತು. ಒಪ್ಪಿಕೊಂಡೆ. ನಂಬಿ ಒಪ್ಪಿದ್ದಲ್ಲ ವಿಜ್ಜು, ನಿನ್ನ ಮುಖ ನೋಡಿ ಒಪ್ಪಿದ್ದು.

ಭಾಂಡುಪಿನ ನಿಮ್ಮ ಹಾಲಿಗೆ ಶನಿವಾರ ಶನಿವಾರ ತರಗತಿಗೆ ಬಂದೆ. ನಿಮ್ಮ ಪಾಸ್ಟರ್ ಶ್ರೀಮಂತ ಅವರು ಚೆನ್ನಾಗಿ ಕಲಿಸುತ್ತಾರೆ, ಅದನ್ನು ಒಪ್ಪುತ್ತೇನೆ. ಶಿಲುಬೆಯ ಮೇಲೆ ಕರ್ತನ ಪಕ್ಕದಲ್ಲಿ ಸಾಯುತ್ತಾ ಅವನಿಂದ ಸ್ವರ್ಗದ ಭರವಸೆ ಪಡೆದ ಕಳ್ಳನಿಗೆ ಯಾರು ನೀರು ಹಾಕಿದರು ಎಂದು ಕೇಳಿದೆ. "ಅವಂಗ ಟೈಮ್ ಇದ್ದಿಲ್ರಿ ಅಮ್ಮಾರ, ನಿಮಗ ಅದ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ದೀಕ್ಷಾಸ್ನಾನದ ದಿನ, ಸಮುದ್ರದಂಚಿನ ಮಢ್‌ನ ಆ ಬಂಗಲೆ. ಸಿನಿಮಾದವರಿಗೆ ಬಾಡಿಗೆಗೆ ಕೊಡುವ ಬಂಗಲೆಯಂತೆ, ಈಜುಕೊಳದ ಅಂಚಿನಲ್ಲಿ ಸಿಮೆಂಟಿನ ಡಾಲ್ಫಿನ್ ಬಾಯಿಂದ ನೀರು ಉಗುಳುತ್ತಿತ್ತು. ಒಂದು ಕಡೆ ಕುರ್ಚಿ, ಇನ್ನೊಂದು ಕಡೆ ಬಿರಿಯಾನಿಯ ಡೇಗು. ನನಗೆ ಬಿಳಿ ನಿಲುವಂಗಿ ತೊಡಿಸಿದರು. ನೀನೇ ಕೈಹಿಡಿದು ಮೆಟ್ಟಿಲಿನವರೆಗೆ ಕರೆತಂದೆ. ನಿನ್ನ ಹೊಟ್ಟೆ ನನ್ನ ಮೊಣಕೈಗೆ ತಾಗುತ್ತಿತ್ತು. ನಾನು ಸಂತೋಷವಾಗಿಯೇ ಇದ್ದೆ, ನಂಬು. ನೀರು ಸೊಂಟದವರೆಗೆ ಬಂತು. ಪಾಸ್ಟರ್ ನನ್ನ ಬೆನ್ನ ಹಿಂದೆ ಕೈಯಿಟ್ಟು ನಿಂತರು. ಆಗ ಮಗಳು ಪ್ರಾರ್ಥನೆ ಮಾಡಲಿ ಎಂದು ಯಾರೋ ನಿನಗೆ ಮೈಕು ಕೊಟ್ಟರು.

ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಕರ್ತನೇ, ನಮ್ಮ ಪಪ್ಪ ಲಾಸ್ಟ್ ಆಗಿ ಹೋದ್ರು. ಅವರಿಗೆ ಚಾನ್ಸ್ ಇತ್ತು, ಅವರು ತಗೊಳ್ಳಲಿಲ್ಲ. ಅಟ್‌ಲೀಸ್ಟ್ ಅಮ್ಮ ಇವತ್ತು ಬಚಾವ್ ಆಗ್ತಾ ಇದ್ದಾರೆ, ಥ್ಯಾಂಕ್ಯೂ ಲಾರ್ಡ್."

ಅಲ್ಲಿದ್ದ ಎಲ್ಲರೂ ಒಟ್ಟಿಗೆ ಆಮೆನ್ ಎಂದರು.

ಆಮೆನ್ ಎಂದರೆ ಹಾಗೆಯೇ ಆಗಲಿ ಎಂದು. ಪಪ್ಪನನ್ನು ಒಂದು ಸಲವೂ ನೋಡದವರು, ಅವರ ಕೈಯಿಂದ ಒಂದು ಲೋಟ ನೀರು ಕುಡಿಯದವರು, ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಆ ಮನುಷ್ಯ ನಾಶವಾಗಿದ್ದಾನೆ, ಹಾಗೆಯೇ ಆಗಲಿ ಎಂದರು. ನೀನೂ ಅಂದೆ. ನಾನು ಆ ಕೊಳದಲ್ಲಿ ಮುಳುಗಿ ಎದ್ದರೆ ನಾನೂ ಅಂದ ಹಾಗೆ.

"ತಯಾರ್ ಇದ್ದೀರೇನ್ರಿ ಅಮ್ಮಾರ?" ಎಂದರು ಪಾಸ್ಟರ್.

"ಮೊದಲು ಆ ಆಮೆನ್ ವಾಪಸ್ ತಗೊಳ್ಳಿ. ಆಮೇಲೆ ನೋಡುವ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ, ಈ ಸಲ ಮೈಕಿಲ್ಲದೆಯೇ ಎಲ್ಲರಿಗೂ ಕೇಳುವ ಹಾಗೆ. ಇಷ್ಟು ವರ್ಷ ಕ್ಲಾಸ್ ರೂಮಿನಲ್ಲಿ ಕೂಗಿದ ಗಂಟಲು ನನ್ನದು. ಪಾಸ್ಟರ್ ಮೆಲ್ಲಗೆ, "ಇದು ನನ್ ಮಾತಲ್ರಿ, ದೇವರ ವಚನ" ಎಂದರು. "ವಚನ ನಾನೂ ಓದಿದ್ದೇನೆ. ದೇವರು ತೀರ್ಪು ಕೊಡುವ ಕುರ್ಚಿಯಲ್ಲಿ ನೀವು ಕೂರಬೇಡಿ" ಎಂದು ಹೇಳಿ ಮೆಟ್ಟಿಲು ಹತ್ತಿ ಹೊರಗೆ ಬಂದೆ. ನೀನು "ಅಮ್ಮ, ಪ್ಲೀಸ್, ಮಾನ ಹೋಗ್ತದೆ" ಎಂದದ್ದು ಕೇಳಿಸಿತು. ಹೌದು, ಹೋಯಿತು. ನಿನ್ನದಕ್ಕಿಂತ ಜಾಸ್ತಿ ನನ್ನದೇ ಹೋಯಿತು. ಆ ಒದ್ದೆ ನಿಲುವಂಗಿಯಲ್ಲೇ ಜೆಟ್ಟಿಯವರೆಗೆ ನಡೆದು ವರ್ಸೋವಾಕ್ಕೆ ಹೋಗುವ ದೋಣಿ ಹತ್ತಿದೆ. ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನುಗಾರ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಣ್ಯಾತ್ ಪಡ್ಲೀಸ್ ಕಾಯ್ ಗ?" ಎಂದಳು, ನೀರಿಗೆ ಬಿದ್ದೆಯಾ ಎಂದು. ಬೀಳಲಿಲ್ಲ, ಎದ್ದು ಬಂದೆ ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವಳು ತನ್ನ ಹೆಗಲ ಮೇಲಿನ ಟವೆಲು ಕೊಟ್ಟಳು, ಮೀನಿನ ವಾಸನೆಯದು. ಅದನ್ನೇ ಹೊದ್ದುಕೊಂಡು ಮೆಟ್ರೋದಲ್ಲಿ ಕೂತೆ.

ದೀಕ್ಷಾಸ್ನಾನ ಬೇಡ ಎನ್ನುವವಳಲ್ಲ ನಾನು, ಅದನ್ನು ತಪ್ಪಾಗಿ ತಿಳಿಯಬೇಡ. ಅದು ಕರ್ತನು ಹೇಳಿಕೊಟ್ಟದ್ದು. ಅವನಿಗಾಗಿ ಆಸೆಪಟ್ಟು ನೀರಿಗೆ ಇಳಿಯುವವರನ್ನು ಕಂಡರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ನೀನು ಮುಳುಗಿ ಎದ್ದ ಆ ವಿಡಿಯೋವನ್ನು ಎಷ್ಟೋ ಸಲ ನೋಡಿದ್ದೇನೆ, ನಿನ್ನ ಮುಖದಲ್ಲಿ ಇದ್ದ ಬೆಳಕು ಸುಳ್ಳಲ್ಲ. ಆದರೆ ನೀರು ದೇವರ ಕೈಯಲ್ಲಿದೆಯೇ ಹೊರತು ದೇವರು ನೀರಿನ ಕೈಯಲ್ಲಿಲ್ಲ. ಅವನು ರಕ್ಷಿಸಬೇಕು ಎಂದುಕೊಂಡವನನ್ನು ಒಂದು ಕೊಳ ಸಿಗಲಿಲ್ಲ ಎಂದು ಬಿಟ್ಟುಬಿಡುತ್ತಾನೆಯೇ? ಹಾಗೆ ಬಿಡುವವನಾದರೆ ನಾನು ಇಷ್ಟು ವರ್ಷ ಪ್ರಾರ್ಥಿಸಿದ್ದು ಯಾರನ್ನು?

ಇನ್ನೊಂದು ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಕಳೆದ ಮಂಗಳವಾರ ಪಾಸ್ಟರ್ ಶ್ರೀಮಂತ ಒಬ್ಬರೇ ನಮ್ಮ ಮನೆಗೆ ಬಂದಿದ್ದರು. ನನ್ನಿಂದ ಕ್ಷಮೆಯ ಮಾತು ಪಡೆಯಲು ಬಂದದ್ದು, ಅದನ್ನು ಬಾಗಿಲಲ್ಲೇ ಹೇಳಿದರು. ಕೊಡುವುದಿಲ್ಲ, ಕಾಫಿ ಕೊಡುತ್ತೇನೆ ಎಂದೆ. ಕುಳಿತರು. ಗೋಡೆಯ ಮೇಲಿನ ಪಪ್ಪನ ಫೋಟೋ ನೋಡುತ್ತಾ, ಇವರು ಹೇಗಿದ್ದರು ಎಂದು ಕೇಳಿದರು. ನಾನು ಕಾಶಪ್ಪನವರ ವಿಷಯ ಹೇಳಿದೆ. ಬೀದರಿನವರು ಎಂದ ಕೂಡಲೇ ಅವರಿಗೆ ತಮ್ಮ ಊರು ನೆನಪಾಯಿತೋ ಏನೋ, ಲೋಟ ಕೆಳಗಿಟ್ಟರು.

"ನಮ್ಮವ್ವ ನೀರ್ ತೊಗೊಳ್ದೇ ಹೋದಳ್ರಿ" ಎಂದರು. "ನಾ ಸೇವಾಕ್ಕ ಬಂದ ಮ್ಯಾಲೆ ಎಷ್ಟ್ ಸಲ ಹೇಳ್ದೆ. ನಗತಿದ್ದಳು. ನೀ ತೊಗೊಂಡಿಯಲ್ಲ, ನನ್ ಸಲುವಾಗಿ ನೀನೇ ಕೇಳ್ಕೋ ಅಂತಿದ್ದಳು."

ಕೇಳಿಕೊಳ್ಳುತ್ತೀರಾ ಎಂದು ನಾನು ಕೇಳಿದೆ.

"ಅಕಿ ಬಗ್ಗೆ ನಾ ಪ್ರಾರ್ಥನಾ ಮಾಡಂಗಿಲ್ರಿ ಅಮ್ಮಾರ. ಏನಂತ ಮಾಡ್ಲಿ?"

ನಿಮ್ಮೆಲ್ಲರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡುವ ಮನುಷ್ಯ ನನ್ನ ಮನೆಯ ಕುರ್ಚಿಯಲ್ಲಿ ಕೂತು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ. ನಿಮ್ಮ ಅವ್ವ ದೇವರ ಹತ್ತಿರ ಇದ್ದಾರೆ, ನಿಮಗೆ ಹೇಳಲು ಧೈರ್ಯ ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದೆ. ಆ ಅವ್ವನ ಹೆಸರು ಕೇಳಿ ಅಲ್ಲೇ, ಆ ಹೆಸರು ಹೇಳಿ ಪ್ರಾರ್ಥನೆ ಮಾಡಿದೆ. ಅವರು ತಡೆಯಲಿಲ್ಲ. ನನ್ನ ಪ್ರಾರ್ಥನೆಗೆ ಆಮೆನ್ ಕೂಡ ಅನ್ನಲಿಲ್ಲ. ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ವಚನ ಅಂದ್ರ ವಚನ ರೀ" ಎಂದರು. ಇರಲಿ ಎಂದೆ. ಆ ಕ್ಷಮೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನ ಮಾತು. ನಿನಗೆ ನೋವು ಶುರುವಾದ ದಿನ ನಾನು ಆಸ್ಪತ್ರೆಗೆ ಬರುತ್ತೇನೆ. ಯಾರೂ ತಿಳಿಸದಿದ್ದರೂ ನನಗೆ ತಿಳಿಯುತ್ತದೆ, ನಿಮ್ಮ ಬಿಲ್ಡಿಂಗಿನಲ್ಲಿ ನನಗೂ ಪರಿಚಯದವರಿದ್ದಾರೆ. ಒಳಗೆ ಬಿಡದಿದ್ದರೆ ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ. ಕೂತು ಕಾಯುವುದು ನನಗೆ ಹೊಸದಲ್ಲ. ಹೆರಿಗೆಯ ಮಾರನೆಯ ದಿನಕ್ಕೆ ಮೆಂತ್ಯದ ಗಂಜಿ ಮಾಡಿ ತರುತ್ತೇನೆ, ಸಂದೀಪ ಅದನ್ನು ಬಾಗಿಲಲ್ಲೇ ಇಸಿದುಕೊಂಡರೂ ಸರಿ, ನೀನು ಕುಡಿ. ನಿನ್ನ ಮಗುವಿಗೆ ನಿಮ್ಮಿಬ್ಬರ ಒಪ್ಪಿಗೆ ಇಲ್ಲದೆ ಒಂದು ತೊಟ್ಟು ನೀರನ್ನೂ ನಾನು ಹಾಕುವುದಿಲ್ಲ. ಅದು ದೊಡ್ಡದಾಗಿ ತಾನೇ ಕೇಳಿ ಮುಳುಗಲಿ, ನಾನು ಚಪ್ಪಾಳೆ ತಟ್ಟುತ್ತೇನೆ. ಆದರೆ ಅಜ್ಜ ಎಲ್ಲಿದ್ದಾರೆ ಎಂದು ಆ ಮಗು ಕೇಳುವ ದಿನ ಬರುತ್ತದಲ್ಲ, ಅದಕ್ಕೆ ಉತ್ತರ ಹೇಳುವವಳು ನಾನು. ಆ ಹಕ್ಕನ್ನು ಬಿಟ್ಟುಕೊಡುವುದಿಲ್ಲ, ನಿನಗೂ ಇಲ್ಲ, ನಿನ್ನ ಸಭೆಗೂ ಇಲ್ಲ.

ಕಾಲಿನ ಬಾವು ಹೇಗಿದೆ? ಉಪ್ಪು ಕಡಿಮೆ ಮಾಡು. ಎಡ ಮಗ್ಗುಲಿಗೆ ಮಲಗು. ಲೋಕಲ್‌ನಲ್ಲಿ ನಿಂತುಕೊಂಡು ಹೋಗಬೇಡ, ಹೆಂಗಸರ ಡಬ್ಬಿಯಲ್ಲಿ ಕೇಳಿದರೆ ಯಾರಾದರೂ ಎದ್ದು ಸೀಟು ಕೊಡುತ್ತಾರೆ, ಕೇಳಲು ನಾಚಬೇಡ.

ಯಾರ ಮುಂದೆಯೂ ತಲೆ ತಗ್ಗಿಸದ, ನಿನ್ನ ಮುಂದೆ ಮಾತ್ರ ಕರಗುವ
ನಿನ್ನ ಅಮ್ಮ,
ಸೇವಂತಿ ಸದಾನಂದ

ತಾ.ಕ.: ಕವರು ಅಂಟಿಸಿದವಳು ಮತ್ತೆ ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ. ಪಪ್ಪನಿಗೆ ಚಾನ್ಸ್ ಇತ್ತು, ಅವರು ತೆಗೆದುಕೊಳ್ಳಲಿಲ್ಲ ಎಂದು ನೀನು ಮೈಕಿನಲ್ಲಿ ಹೇಳಿದೆಯಲ್ಲ, ಅದು ಸರಿಯಲ್ಲ. ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ, ನೀನು ಔಷಧಿ ತರಲು ಕೆಳಗೆ ಹೋಗಿದ್ದಾಗ, ಅವರು ನನ್ನ ಕೈ ಹಿಡಿದು, "ಅಯ್ಯನವರಿಗೆ ಫೋನ್ ಮಾಡು. ನೀರು ಹಾಕಿಸಿಕೊಳ್ತೇನೆ. ಇಲ್ಲದಿದ್ದರೆ ನಾಳೆ ಮಣ್ಣು ಮಾಡುವಾಗ ನನ್ನನ್ನು ಒಂದು ಕಡೆ, ನಿನ್ನನ್ನು ಒಂದು ಕಡೆ ಮಾಡ್ತಾರೆ" ಎಂದರು. ನಾನು, "ನಿಮಗೆ ನಂಬಿಕೆ ಬಂದಿದೆಯಾ?" ಎಂದು ಕೇಳಿದೆ. "ಅದು ನನಗೆ ಈಗಲೂ ಗೊತ್ತಿಲ್ಲ ಮಾರಾಯ್ತಿ. ನಿನಗೆ ಆಮೇಲೆ ಯಾರೂ ತೊಂದರೆ ಕೊಡಬಾರದು, ಅಷ್ಟೇ" ಎಂದರು. ಹಾಗಾದರೆ ಬೇಡ ಎಂದೆ. ಜೀವಮಾನದಲ್ಲಿ ಒಂದು ಸುಳ್ಳೂ ಹೇಳದ ಮನುಷ್ಯನನ್ನು ನನಗೋಸ್ಕರ ದೇವರ ಎದುರು ಸುಳ್ಳು ಹೇಳಿಸಲು ನನ್ನಿಂದ ಆಗಲಿಲ್ಲ. ಅವರ ತಮ್ಮ ಚೆಂಬೂರಿನ ಸ್ಮಶಾನದಲ್ಲಿ ಬೆಂಕಿ ಕೊಟ್ಟಾಗ ನಾನು ಅಡ್ಡಬರದೆ ನಿಂತದ್ದು ಅದಕ್ಕೇ. ಅವರು ಕೇಳಿದ್ದರು ವಿಜ್ಜು, ಫೋನ್ ಮಾಡದೆ ಇದ್ದವಳು ನಾನು. ಇದಕ್ಕೆ ಲೆಕ್ಕ ಕೇಳುವವರು ಯಾರೇ ಇರಲಿ, ನೀನಾಗಲಿ, ದೇವರೇ ಆಗಲಿ, ನನ್ನನ್ನು ಕೇಳಬೇಕು. ನಾನು ಉತ್ತರ ಕೊಡುತ್ತೇನೆ. ಪಪ್ಪನನ್ನು ಬಿಟ್ಟುಬಿಡಿ.